ಚಳಿದೇಶಕ್ಕೆ ಬರೆದ ಜಗಲಿ

ಕೌಲಾಲಂಪುರದ ಪಕ್ಕದ ಸುಬಾಂಗ್ ಜಯಾದ ನಮ್ಮ ಸಾಲುಮನೆಗಳಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ, ಅಷ್ಟೇ. ಆ ಗೋಡೆಯ ಆಚೆಯ ಕಾರ್ ಪೋರ್ಚಿನಲ್ಲಿ ಈಗ ಹೊಸ ಬಾಡಿಗೆಯವರ ಬಿಳಿ ಕಾರು ನಿಲ್ಲುತ್ತದೆ. ಕಾರು ಹೊರಗೆ ಹೋದಾಗ ನೆಲದ ಮೇಲೆ ಹಳದಿ ಬಣ್ಣದ ಒಂದು ದೊಡ್ಡ ಚೌಕ ಕಾಣುತ್ತದೆ. ಮರದ ಮೇಲೆ ಗುರುತು ಹಾಕುವ ಮೇಣದ ಬಳಪದಲ್ಲಿ ಎಳೆದ ಗೆರೆ. ಎಷ್ಟು ಉಜ್ಜಿದರೂ ಪೂರ್ತಿ ಹೋಗಿಲ್ಲ. "ಇದೇನು?" ಎಂದು ಹೊಸಬರು ಕೇಳಿದರು. ಕೆನಡಾದ ಒಂದು ಮನೆಯ ಹಿತ್ತಲಿನ ಅಳತೆ ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಪೂರ್ತಿ ಕತೆ ಹೇಳಲು ಹೋದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತಿತ್ತು. ಗೇಟಿನ ಮುಂದೆ ನಿಂತು ಹೇಳುವ ಮಾತಲ್ಲ ಅದು.

ಆ ಗೆರೆ ಎಳೆದವರು ನಮ್ಮ ಪಕ್ಕದ ಮನೆಯಲ್ಲಿ ಹನ್ನೊಂದು ವರ್ಷ ಇದ್ದರು. ಮಂಗಳೂರಿನ ಕ್ಯಾಥೊಲಿಕರು, ಐವತ್ತೈದರ ಆಸುಪಾಸು, ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ಕಂಪ್ಯೂಟರಿನಲ್ಲೇ ಎಲ್ಲ ಬರೆಯುವ ಕಾಲ ಬಂದು ಎಷ್ಟೋ ವರ್ಷವಾದರೂ ಬಲಗಿವಿಯ ಮೇಲೆ ಒಂದು ಪೆನ್ಸಿಲು ಇದ್ದೇ ಇರುತ್ತಿತ್ತು. ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಇಗರ್ಜಿಗೆ ಹೊರಟಾಗಲೂ ಇರುತ್ತಿತ್ತು. ಅವರ ಹೆಂಡತಿ ಕಾರು ಹತ್ತುವ ಮುಂಚೆ ಅದನ್ನು ಎಳೆದು ತಮ್ಮ ಚೀಲದಲ್ಲಿ ಹಾಕಿಕೊಳ್ಳುತ್ತಿದ್ದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಕ್ಷೆಯ ಮೂಲೆಯಲ್ಲಿ ಬರೆದವರ ಹೆಸರಿಗೆಂದು ಒಂದು ಪುಟ್ಟ ಚೌಕ ಇರುತ್ತದಂತೆ. ಅಲ್ಲೂ ಅವರು ಹಾಕುತ್ತಿದ್ದದ್ದು ಎರಡೇ ಅಕ್ಷರ.

ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ನಾನು ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹುಬ್ಬಳ್ಳಿಯವಳಾದ್ದರಿಂದ ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕಾರ. ನಮ್ಮ ಮಗಳು ಇಲ್ಲೇ ಹುಟ್ಟಿದವಳು, ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳು ಕೊನೆಗೆ ಅವರಿಗೆ ಇಟ್ಟ ಹೆಸರು ಡೆಕ್ ಅಂಕಲ್. ಹಿತ್ತಲಲ್ಲಿ ಮನೆಗೆ ಅಂಟಿಕೊಂಡಂತೆ ಹಲಗೆ ಹಾಕಿ, ನೆಲದಿಂದ ಎರಡು ಅಡಿ ಎತ್ತರಕ್ಕೆ ಕಟ್ಟುವ ಬಯಲು ಜಗಲಿಗೆ ಆ ದೇಶದಲ್ಲಿ ಡೆಕ್ ಎನ್ನುತ್ತಾರೆ. ನನಗೆ ಅದನ್ನು ಕಲಿಸಿದವರೂ ಅವರೇ.

ಅಕ್ಕಾರು ನರ್ಸು. ಈ ದೇಶದಲ್ಲಿ ನಮ್ಮಂಥವರಿಗೆ ಇರಲು ಕೊಡುವ ಪಾಸು ಕಂಪನಿಯ ಕೆಲಸ ಇರುವತನಕ; ಕಂಪನಿ ಸಾಕು ಅಂದ ದಿನ ಪೆಟ್ಟಿಗೆ ಕಟ್ಟಬೇಕು. ಮಕ್ಕಳಿಲ್ಲದ ಇವರಿಬ್ಬರಿಗೂ ವಯಸ್ಸಾದ ಮೇಲೆ ಕಾಲೂರಲು ಒಂದು ನೆಲ ಬೇಕಿತ್ತು. ಕೆನಡಾದವರು ನರ್ಸುಗಳನ್ನು ಕರೆಯುತ್ತಿದ್ದರು. ಕೊರೊನಾ ಕಾಲಕ್ಕೆ ಒಂದು ವರ್ಷ ಮೊದಲೇ ಅಕ್ಕಾರು ಹೋದರು. ಆ ದೇಶದ ನಡುಭಾಗದ, ಐದು ತಿಂಗಳು ಹಿಮ ಬೀಳುವ ಒಂದು ಊರಿನಲ್ಲಿ ಇಬ್ಬರ ಉಳಿತಾಯವನ್ನೂ ಸುರಿದು ಹಳೆಯ ಪುಟ್ಟ ಮನೆ ಕೊಂಡರು. ಕೈಯಲ್ಲಿದ್ದ ಕೆಲಸ ಮುಗಿಸಿ ಅಣ್ಣಾರು ಹಿಂದೆಯೇ ಹೋಗುವುದಿತ್ತು. ಅಷ್ಟರಲ್ಲಿ ದೇಶದೇಶಗಳ ಬಾಗಿಲು ಮುಚ್ಚಿತು. ಆಮೇಲೆ ವೀಸಾದ ಕಾಗದ ಬಂದಾಗ ವಿಮಾನ ಇರಲಿಲ್ಲ, ವಿಮಾನ ಬಂದಾಗ ಕಾಗದದ ಅವಧಿ ಮುಗಿದಿತ್ತು. ಅವರ ಆ ಎರಡು ವರ್ಷವನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು.

ಮೊದಲ ಲಾಕ್‌ಡೌನಿನ ಎರಡನೇ ವಾರವೋ ಏನೋ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಮನೆಗೊಬ್ಬರು ಮಾತ್ರ ಸಾಮಾನಿಗೆ ಹೋಗಬೇಕು, ಹತ್ತು ಕಿಲೋಮೀಟರ್ ದಾಟಬಾರದು. ಬಟ್ಟೆ ಒಣಹಾಕಲು ಹೊರಗೆ ಬಂದರೆ ಪಕ್ಕದ ಪೋರ್ಚಿನಲ್ಲಿ ಕಾರು ಇಲ್ಲ, ರಸ್ತೆಗೆ ಹಾಕಿದ್ದಾರೆ. ಅಣ್ಣಾರು ಮಂಡಿಯೂರಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದಾರೆ.

"ಏನ್ರೀ ಅಣ್ಣಾರ, ಕುಂಟಾಬಿಲ್ಲಿ ಆಡಾಕತ್ತೀರೇನು?" ಎಂದೆ.

"ಕುಂಟಾಬಿಲ್ಲೆ ಅಲ್ಲ ಟೀಚರ್, ಡೆಕ್ಕು. ಇವಳಿಗೆ ಹೊರಗೆ ಕೂತ್ಕೊಳ್ಳಿಕ್ಕೆ ಒಂದು ಜಾಗ ಬೇಕಲ್ಲ. ಆ ಮನೆಯಲ್ಲಿ ಬಾಗಿಲು ತೆರೆದ್ರೆ ಸೀದಾ ಹುಲ್ಲು, ಕೆಸರು. ಡ್ಯೂಟಿ ಮುಗಿಸಿ ಬಂದು ಒಬ್ಬಳೇ ಅಡುಗೆಮನೆ ಗೋಡೆ ನೋಡ್ತಾ ಕೂರ್ತಾಳೆ ಮಾರಾಯ್ರೆ."

ಅವರ ಕೆಲಸದ ರೀತಿ ಅದು. ಕಾಗದದ ಮೇಲೆ ಎಷ್ಟು ಚೆನ್ನಾಗಿ ಬರೆದರೂ ನೆಲದ ಮೇಲೆ ಪೂರಾ ಅಳತೆಗೆ ಒಮ್ಮೆ ಗೆರೆ ಎಳೆದು, ಅದರೊಳಗೆ ನಿಂತು ನೋಡಬೇಕು. ಗೆರೆ ಎಳೆದಾದ ಮೇಲೆ ಒಳಗಿನಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಚೌಕದೊಳಗೆ ಎದುರುಬದುರು ಇಟ್ಟರು. ಒಂದರಲ್ಲಿ ತಾವು ಕೂತರು. ಎದ್ದರು. ಇನ್ನೊಂದನ್ನು, ಖಾಲಿ ಇದ್ದದ್ದನ್ನು, ಯಾರೋ ಅದರಿಂದ ಏಳುತ್ತಿದ್ದಾರೆ ಎಂಬಂತೆ ಹಿಂದಕ್ಕೆ ಎಳೆದರು. ಹಿಂಗಾಲು ಗೆರೆಯ ಆಚೆ ಹೋಯಿತು. "ಸಾಲುದಿಲ್ಲ. ಅವಳು ಕುರ್ಚಿ ದೂಡಿಯೇ ಏಳುದು, ಎತ್ತುದಿಲ್ಲ. ಬಿದ್ದುಬಿಡ್ತಾಳೆ." ಗೆರೆ ಅಳಿಸಿ ಒಂದು ಅಡಿ ಅಗಲಿಸಿದರು.

"ಕುರ್ಚಿ ಹಿಂದೆ ಎಳೆದು ನೋಡ್ಬೇಕು" ಎನ್ನುವುದು ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿದ್ದ ಮಾತು. ಕಾಲೇಜಿನ ಆನ್‌ಲೈನ್ ಕ್ಲಾಸು ಹೇಗೆ ನಡೆಯುತ್ತಿದೆ ಎಂದು ಕೇಳಿ, ನಾನು ಗೊಣಗಿದರೆ, ಅದಕ್ಕೂ ಅದೇ ಮಾತು. ನಾನು ಮನೆಯಲ್ಲಿ ಅವರ ಹಾಗೆ ಮೂಗಿನಲ್ಲಿ ಹೇಳಿ ಗಂಡನನ್ನು ನಗಿಸುತ್ತಿದ್ದೆ.

ಇಪ್ಪತ್ತು ವರ್ಷ ಕೌಲಾಲಂಪುರದಲ್ಲಿ ಅವರು ಬರೆದದ್ದು ಬಹುಪಾಲು ಬಾಲ್ಕನಿಗಳನ್ನು. ಮಾಂಟ್ ಕಿಯಾರಾದ ಎತ್ತರದ ಕಾಂಡೋಗಳಲ್ಲಿ ಎಷ್ಟು ಬಾಲ್ಕನಿಗೆ ತಮ್ಮ ಗೆರೆ ಇದೆ ಎಂದು ಅವರಿಗೇ ಲೆಕ್ಕ ಇರಲಿಲ್ಲ. "ಒಂದರಲ್ಲಾದ್ರೂ ಜನ ಕೂತದ್ದನ್ನು ನಾನು ನೋಡ್ಲಿಲ್ಲ ಟೀಚರ್. ಏಸಿಯ ಡಬ್ಬ ಇಡ್ತಾರೆ, ಚಪ್ಪಲಿ ಇಡ್ತಾರೆ, ಬನಿಯನ್ ಒಣಗಿಸ್ತಾರೆ. ಒಂದು ಸಲವಾದ್ರೂ ಮನುಷ್ಯರು ಕೂರುವಂಥದ್ದು ಬರೀಬೇಕು." ಇದನ್ನು ಹೇಳಿ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿದರು. ಮುಖ್ಯವಾದ ಮಾತಿನ ಮುಂಚೆಯೋ ಆಮೇಲೆಯೋ ಹಾಗೆ ಕುಟ್ಟುವುದು ಅವರಿಗೆ ರೂಢಿಯಾಗಿತ್ತು.

ಕಷ್ಟವೆಂದರೆ, ಆ ಮನುಷ್ಯ ಹಿಮವನ್ನೇ ಕಂಡವರಲ್ಲ. ಮಂಗಳೂರಿನಲ್ಲಿ ಹುಟ್ಟಿ ಮಲೇಶಿಯಾದಲ್ಲಿ ದುಡಿದವರಿಗೆ ಗೊತ್ತಿದ್ದದ್ದು ಮಳೆ, ಬೆವರು, ಗೆದ್ದಲು. ಚಳಿದೇಶದ ಮಣ್ಣು ಹೆಪ್ಪುಗಟ್ಟಿ ಉಬ್ಬುತ್ತದೆ, ಉಬ್ಬುವಾಗ ಕಂಬವನ್ನು ಬುಡಸಮೇತ ಮೇಲಕ್ಕೆ ಎತ್ತಿಬಿಡುತ್ತದೆ, ಆದ್ದರಿಂದ ಹೆಪ್ಪು ತಲುಪದಷ್ಟು ಆಳಕ್ಕೆ ಕಂಬ ಇಳಿಸಬೇಕು ಎಂದು ಅಲ್ಲಿನ ಬಡಗಿ ಹೇಳಿದನಂತೆ. ಆರು ಅಡಿ. ಒಂದು ಜಗಲಿಗೆ ಆಳುದ್ದ ಗುಂಡಿಯೇ ಎಂದು ಇವರಿಗೆ ನಂಬಿಕೆ ಬರಲಿಲ್ಲ. ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಿತ್ತಲಿನ ಒದ್ದೆ ಮಣ್ಣು ತುಂಬಿ, ನಡುವೆ ಪೆನ್ಸಿಲು ನೆಟ್ಟು, ಫ್ರೀಜರಿನಲ್ಲಿ ಬಂಗುಡೆಯ ಪಕ್ಕ ಇಟ್ಟರು. ಮರುದಿನ ಗೋಡೆಯ ಮೇಲಿಂದ ಡಬ್ಬ ನನ್ನ ಕೈಗೆ ಕೊಟ್ಟರು. ಪೆನ್ಸಿಲಿನ ಮೇಲೆ ಹಾಕಿದ್ದ ಗುರುತು ಮಣ್ಣಿನಿಂದ ಒಂದು ನೂಲು ಮೇಲೆ ಬಂದಿತ್ತು.

"ನೋಡಿ ಟೀಚರ್, ಎತ್ತಿದೆ. ಸುಳ್ಳಲ್ಲ."

"ನೀರು ಮಂಜಾದ್ರ ಹಿಗ್ಗತೈತ್ರಿ ಅಣ್ಣಾರ. ಎಂಟನೇತ್ತಾ ಪಾಠ. ನನ್ನ ಕೇಳಿದ್ರ ಹೇಳತಿದ್ದೆ, ಮೀನಿನ ವಾಸನಿ ತಪ್ಪತಿತ್ತು."

"ನೀವು ಹೇಳಿದ್ರೆ ಅದು ಪಾಠ ಆಗ್ತಿತ್ತು. ಈಗ ನಾನು ಕಂಡದ್ದು."

ಅಂದಿನಿಂದ ನಕ್ಷೆ ಗಂಭೀರವಾಯಿತು. ಕಂಬದ ಆಳ, ಮನೆಗೋಡೆಗೆ ಹಲಗೆ ಕೂಡುವಲ್ಲಿ ನೀರು ಇಳಿಯದಂತೆ ತಗಡು, ಹಲಗೆ ಹಲಗೆಗೂ ನಡುವೆ ಬಿಡುವ ಸಂದು, ಹಿಮದ ಭಾರಕ್ಕೆ ಎಷ್ಟು ತೊಲೆ. ಮೊಳೆ ಬೇಡ, ಎಲ್ಲ ಕಡೆ ಸ್ಕ್ರೂ ಎಂದು ಬರೆದರು. ಯಾಕೆ ಎಂದರೆ, "ಮೊಳೆ ಹೊಡೆದದ್ದನ್ನು ತಿದ್ದಲಿಕ್ಕೆ ಬರುದಿಲ್ಲ" ಎಂದರು. ಊಟ ಬೀದಿಮೂಲೆಯ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಿಂದ ತಪಾವ್. ಕಟ್ಟಿಸಿ ತಂದ ಪೊಟ್ಟಣ ಅರ್ಧ ತಿಂದು ಅರ್ಧ ಮರೆಯುತ್ತಿದ್ದರು. ನಾನು ರೊಟ್ಟಿ, ಪಲ್ಯ ಗೋಡೆಯ ಮೇಲಿಟ್ಟರೆ ತಟ್ಟೆ ತೊಳೆದು, ಅದರ ಮೇಲೆ ನಾಲ್ಕು ಹಸಿಮೆಣಸೋ ಒಂದು ಮಾವಿನಕಾಯಿಯೋ ಇಟ್ಟು ಹಿಂದಿರುಗಿಸುತ್ತಿದ್ದರು. ಬರಿ ತಟ್ಟೆ ಕೊಟ್ಟವರಲ್ಲ.

ಸಂಜೆ ಅವರ ಮನೆಯಿಂದ ಕೊಂಕಣಿಯಲ್ಲಿ ತೇರ್ಸ ಕೇಳಿಸುತ್ತಿತ್ತು. ಜಪಮಾಲೆಯ ಆ ಪ್ರಾರ್ಥನೆಯಲ್ಲಿ ಮೊದಲರ್ಧ ಒಬ್ಬರು ಹೇಳಬೇಕು, ಉಳಿದರ್ಧ ಮನೆಯವರು ಹೇಳಬೇಕು. ಮುಂಚೆ ಗಂಡ ಶುರುಮಾಡಿದರೆ ಹೆಂಡತಿ ಮುಗಿಸುತ್ತಿದ್ದರು. ಈಗ ಅವರು ಮೊದಲರ್ಧವನ್ನು ಗಟ್ಟಿಯಾಗಿ ಹೇಳಿ, ಒಂದು ಗಳಿಗೆ ನಿಲ್ಲಿಸಿ, ಉಳಿದರ್ಧವನ್ನು ಸಣ್ಣ ದನಿಯಲ್ಲಿ ತಾವೇ ಹೇಳುತ್ತಿದ್ದರು. ಐವತ್ತು ಮಣಿಗೂ ಹಾಗೆ. ನಾನು ಅಡುಗೆಮನೆಯಲ್ಲಿ ಮಿಕ್ಸಿ ಹಾಕಲು ಹೋದವಳು ಕೈ ತೆಗೆಯುತ್ತಿದ್ದೆ. ಆ ನಡುವಿನ ನಿಲುಗಡೆಯನ್ನು ಕೇಳುವುದು ನನಗೆ ಆಗುತ್ತಿರಲಿಲ್ಲ, ಕೇಳದೆ ಇರುವುದೂ ಆಗುತ್ತಿರಲಿಲ್ಲ.

ಡೆಕ್ಕು ಎಲ್ಲಿ ಬರಬೇಕು ಎಂಬ ಮಾತು ಮುಗಿದದ್ದು ಒಂದೇ ನಿಮಿಷದಲ್ಲಿ, ನನ್ನ ಎದುರಿಗೇ. ನಮ್ಮ ಬೆಳಗಿನ ಎಂಟು ಗಂಟೆಗೆ ಅಲ್ಲಿ ಹಿಂದಿನ ದಿನದ ಸಂಜೆ ಆರು. ದಿನವೂ ಆ ಹೊತ್ತಿಗೆ ಅಕ್ಕಾರ ವಿಡಿಯೋ ಕಾಲ್ ಬರುತ್ತಿತ್ತು. ಅಂದು ಫೋನನ್ನು ಗೋಡೆಯ ಮೇಲೆ ಒರಗಿಸಿ ನನಗೂ ತೋರಿಸಿದರು. ಮನೆ ದಕ್ಷಿಣಕ್ಕೆ ಮುಖಮಾಡಿದ್ದು, ಹಿತ್ತಲು ಉತ್ತರಕ್ಕೆ. ಅಕ್ಕಾರು ಫೋನು ತಿರುಗಿಸುತ್ತ, "ಇಲ್ಲಿ ಗೋಡೆ ಹತ್ತಿರ ಪೂರ್ತಿ ಮನೆಯ ನೆರಳು. ಅಗೋ ಆ ಬೇಲಿ ಮೂಲೆ ಉಂಟಲ್ಲ, ಅಲ್ಲಿ ಮಾತ್ರ ಬಿಸಿಲು ಬೀಳ್ತದೆ" ಎಂದರು.

"ಆಯ್ತು, ಗೊತ್ತಾಯ್ತು. ಗೋಡೆಗೆ ಹಿಡಿಸಿಯೇ ಮಾಡುವ" ಎಂದರು ಅಣ್ಣಾರು.

ನನಗೂ ಅದು ಸರಿ ಅನಿಸಿತು. ಇಲ್ಲಿ ಬಿಸಿಲು ಬೀಳುತ್ತದೆ ಎಂದರೆ ಆ ಜಾಗದ ಮೇಲೆ ದೂರು ಹೇಳಿದಂತೆ. ಕಾರು ನಿಲ್ಲಿಸುವುದಕ್ಕೂ ನೆರಳು ಹುಡುಕುವ ಊರು ಇದು. ಅಕ್ಕಾರಂತೂ ಗೇಟಿನಿಂದ ಕಾರಿಗೆ ಹತ್ತು ಹೆಜ್ಜೆ ನಡೆಯಲು ಕೊಡೆ ಬಿಚ್ಚುತ್ತಿದ್ದವರು. ಹಾಗಾಗಿ ಗಂಡ ಅವರಿಗೆ ನೆರಳು ಹುಡುಕಿ ಕೊಟ್ಟರು. ಅಕ್ಕಾರು ಫೋನನ್ನು ಮತ್ತೆ ಗೋಡೆಯ ಕಡೆ ತಿರುಗಿಸಿ, "ಹಾಗೇ ಮಾಡಿ" ಎಂದರು. ಬಡಗಿ ಮಾತ್ರ ಎರಡು ಸಲ ಫೋನು ಮಾಡಿ, "ನಾರ್ತ್ ಸೈಡ್? ಯು ಶೂರ್?" ಎಂದು ಕೇಳಿದ್ದ. ಇವರು ಎರಡು ಸಲವೂ "ಶೂರ್, ಶೂರ್" ಎಂದರು. ಬೆಳ್ಳಗಿನವರಿಗೆ ಬಿಸಿಲಿನ ಹುಚ್ಚು ಎಂದು ನನಗೆ ಹೇಳಿ ನಕ್ಕರು.

ಆಗಸ್ಟಿನಲ್ಲಿ ಡೆಕ್ಕು ಎದ್ದಿತು. ಗುಂಡಿ ಕೊರೆಯುವ ದಿನ ನಮ್ಮವರು, ಮಗಳು, ನಾನು ಎಲ್ಲರೂ ಗೋಡೆಯ ಈಚೆ ನಿಂತು ಫೋನಿನಲ್ಲಿ ನೋಡಿದೆವು. ಕೊನೆಯ ಹಲಗೆ ಕೂತ ದಿನ ಅಕ್ಕಾರು ಎರಡು ಕುರ್ಚಿ ಹಾಕಿ ಒಂದರಲ್ಲಿ ಕೂತರು. ಎದ್ದರು. ದೂಡಿಯೇ ಎದ್ದರು. ಕುರ್ಚಿ ಅಂಚಿಗಿಂತ ಒಂದು ಗೇಣು ಈಚೆಯೇ ನಿಂತಿತು. ಅಣ್ಣಾರು ನಮ್ಮ ಕಡೆ ತಿರುಗಿ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

ಚಳಿಗಾಲದಲ್ಲಿ ಅಲ್ಲಿ ಸಂಜೆ ಆರಕ್ಕೇ ಕತ್ತಲು. ಅಕ್ಕಾರು ಕಿಟಕಿಯಿಂದ ದೀಪ ಹಾಕಿ ತೋರಿಸುತ್ತಿದ್ದರು. ಡೆಕ್ಕಿನ ಮೇಲೆ ಮೊಳಕಾಲುದ್ದ ಬಿಳಿ. ಅಣ್ಣಾರಿಗೆ ಒಂದೇ ಚಿಂತೆ, ಮಣ್ಣು ಎತ್ತುತ್ತಿದೆಯೋ ಏನೋ. ಏಪ್ರಿಲಿನಲ್ಲಿ ಹಿಮ ಕರಗಿದ ಮೊದಲ ದಿನ ಹೆಂಡತಿಗೆ ಹೇಳಿ ಹಲಗೆಯ ಮೇಲೆ ಒಂದು ಗೋಲಿ ಇಡಿಸಿದರು. ಗೋಲಿ ಅಲುಗಲಿಲ್ಲ. ಇನ್ನೊಂದು ಮೂಲೆಯಲ್ಲಿ ಇಡಿಸಿದರು. ಅಲ್ಲೂ ಇಲ್ಲ. "ಒಂದು ನೂಲೂ ಎದ್ದಿಲ್ಲ ಟೀಚರ್" ಎಂದು ಅಂದು ಇಡೀ ದಿನ ಹೋಗಿಬರುವಾಗೆಲ್ಲ ಹೇಳಿದರು. ಹಾಲಿನವನಿಗೂ ಹೇಳಿದರು. ಆ ತಮಿಳಿನವನಿಗೆ ಏನು ತಿಳಿಯಿತೋ, "ನಲ್ಲದು ಸಾರ್" ಎಂದು ಹೋದ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ನನ್ನ ಗಂಡ ಮದುವೆಯಾದ ವರ್ಷದಿಂದಲೂ ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಯಾರ ಮನೆಯಲ್ಲಿ ಏನು ಎಂಬುದು ನನಗೆ ಗೊತ್ತಾದ ದಿನದ ಸಂಜೆಯೊಳಗೆ ಇನ್ನೊಬ್ಬರಿಗೂ ಗೊತ್ತಾಗಿರುತ್ತದೆ.

ಆ ಮೇ ತಿಂಗಳಲ್ಲಿ ಅಕ್ಕಾರು ನನಗೇ ಫೋನು ಮಾಡಿದರು. ಗಂಡ ಸರಿಯಾಗಿ ತಿನ್ನುತ್ತಾರಾ, ಬಿಪಿ ಮಾತ್ರೆ ತಗೊಳ್ಳುತ್ತಾರಾ ಎಂದು ಕೇಳಲು. ಮಾತಿನ ನಡುವೆ ನಾನು, "ಅಲ್ರೀ ಅಕ್ಕಾರ, ಬ್ಯಾಸಗಿ ಬಂತು ಅಂತೀರಿ, ಡೆಕ್ಕಿನ ಮ್ಯಾಲೆ ಕುಂತಾಗೆಲ್ಲ ಜಾಕೆಟ್, ಟೊಪ್ಪಿಗಿ ಯಾಕ್ರೀ?" ಎಂದುಬಿಟ್ಟೆ.

ಅವರು ಎದ್ದು ಯಾವುದೋ ಬಾಗಿಲು ಹಾಕಿದ್ದು ಕೇಳಿಸಿತು. ಆಮೇಲೆ ಹೇಳಿದರು. "ಅಲ್ಲಿ ಬಿಸಿಲೇ ಬರುದಿಲ್ಲ ಟೀಚರ್. ಸಂಜೆ ಆದ್ರೆ ಗೋಡೆ ಹತ್ತಿರ ಐಸು. ಆರು ತಿಂಗಳು ಸೂರ್ಯನ ಮುಖ ಸರಿಯಾಗಿ ನೋಡದೆ ಇರುದು ಅಂದ್ರೆ ಎಂತ ಅಂತ ನಿಮಗೆ ಗೊತ್ತಾಗ್ಲಿಕ್ಕಿಲ್ಲ. ನಾನು ಕೊಡೆ ಹಿಡೀತಿದ್ದವಳು, ಈಗ ಒಂದು ಚೂರು ಬಿಸಿಲಿಗೆ ಬೆಕ್ಕಿನ ಹಾಗೆ ಜಾಗ ಹುಡುಕ್ತೇನೆ. ಅವ್ರ ಕಾಲ್ ಮುಗಿದ ಮೇಲೆ ಚಹಾ ತಗೊಂಡು ಆ ಬೇಲಿ ಮೂಲೆಗೆ ಹೋಗಿ ಬಾಲ್ದಿ ಕವುಚಿ ಹಾಕಿ ಕೂತ್ಕೊಳ್ತೇನೆ."

"ಅಣ್ಣಾರಿಗೆ ಹೇಳ್ರಲ್ಲ ಮತ್ತ."

"ಬೇಡ, ಬೇಡ. ವರ್ಷವಿಡೀ ಅದನ್ನೇ ಹಿಡ್ಕೊಂಡು ಬದುಕಿದ್ದಾರೆ. ಅದೂ ಸರಿಯಾಗ್ಲಿಲ್ಲ ಅಂತ ಹೇಗೆ ಹೇಳುದು? ನೀವೂ ಹೇಳ್ಬೇಡಿ, ಆಯ್ತಾ?"

ಫೋನು ಇಟ್ಟು ನಮ್ಮವರ ಮುಂದೆ ಎಲ್ಲ ಹೇಳಿದೆ. ಗಂಡನಿಗೆ ಹೇಳಿದರೆ ಹೇಳಿದ ಲೆಕ್ಕವಲ್ಲ. ಅವರು ಗಡಿಯಾರ ನೋಡಿ, "ಇವತ್ತು ಸಂಜಿ ಆರರ ಒಳಗ ಅವರಿಗೆ ಮುಟ್ಟತೈತಿ ಬಿಡು" ಎಂದರು. ನನಗೆ ಮೈ ಉರಿಯಿತು. ಈ ಸಲ ಹೇಳುವುದೇ ಇಲ್ಲ, ನೋಡುತ್ತಿರಿ ಎಂದೆ. ಹೇಳಲಿಲ್ಲ. ಅದು ಅಕ್ಕಾರಿಗೆ ಕೊಟ್ಟ ಮಾತಿಗಿಂತ ಗಂಡನ ಮೇಲಿನ ಹಟಕ್ಕೇ ಹೆಚ್ಚು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಜೂನಿನಲ್ಲಿ ಮತ್ತೆ ಪೂರ್ತಿ ಲಾಕ್‌ಡೌನು. ಆಸ್ಪತ್ರೆಗಳು ತುಂಬಿದ್ದವು, ಬಡವರ ಮನೆಗಳ ಮೇಲೆ ಸಹಾಯ ಬೇಡುವ ಬಿಳಿ ಬಾವುಟಗಳು ಏರಿದ್ದವು. ಒಂದು ಬೆಳಿಗ್ಗೆ, ಅಕ್ಕಾರ ಕಾಲ್ ಮುಗಿದ ಮೇಲೆ, ಅಣ್ಣಾರು ಗೋಡೆಯ ಹತ್ತಿರ ಬಂದು ನಿಂತರು. ಹಿಮ್ಮಡಿಯಿಂದ ನೆಲ ಕುಟ್ಟಿದರು.

"ಟೀಚರ್, ಮೂವತ್ತು ವರ್ಷ ನಾನು ಕಟ್ಟಡಕ್ಕೆ ನೆರಳು ಬರೆದವ. ಕಿಟಕಿಯ ನೆರಳು ಎಷ್ಟು ಬೀಳ್ತದೆ, ಚಜ್ಜಾದ್ದು ಎಷ್ಟು ಅಂತ. ನನ್ನ ಹೆಂಡತಿ ಏಪ್ರಿಲಿನಿಂದ ದಿನಾ ಆ ಹಲಗೆ ಮೇಲೆ ಕೂರ್ತಾಳೆ. ಒಂದು ದಿನವಾದ್ರೂ ಅವಳ ನೆರಳು ಹಲಗೆ ಮೇಲೆ ಬೀಳ್ಲಿಲ್ಲ."

ನಾನು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮತ್ತೆ ಹಿಂಡತೊಡಗಿದೆ.

"ಬಡಗಿ ಎರಡು ಸಲ ಕೇಳಿದ. ಇವಳೂ ಹೇಳಿದ್ಳು, ಆ ಮೂಲೆಯಲ್ಲಿ ಬಿಸಿಲು ಬೀಳ್ತದೆ ಅಂತ. ನಾನೊಬ್ಬ, ಮಂಗಳೂರಿನ ತಲೆ ಇಟ್ಕೊಂಡು ಕೇಳಿದ್ದು. ಅವಳು ಅಲ್ಲಿ ಬೇಡ ಅಂದದ್ದಲ್ಲ, ಅಲ್ಲಿಯೇ ಬೇಕು ಅಂದದ್ದು."

"ಹೇಳ್ರಿ ಅವರಿಗೆ," ಎಂದೆ. "ಗೊತ್ತಾತು ಅಂತ ಹೇಳ್ರಿ."

"ಈಗ ಹೇಳಿದ್ರೆ ಅವಳಿಗೆ ಬೇಜಾರು. ನಾನು ಮನಸ್ಸು ಕೆಡಿಸ್ಕೊಂಡೆ ಅಂತ. ಕಾಗದ ಈಗ ಬರ್ತದೆ. ಹೋದ ಮೊದಲ ವಾರದಲ್ಲೇ ನಾನೇ ಕೂತು ಬಿಚ್ತೇನೆ. ಎಲ್ಲ ಸ್ಕ್ರೂ ತಾನೇ. ಬೇಲಿ ಮೂಲೆಗೆ ಹೊಸ ಕಂಬ ಇಳಿಸಿ ಅದೇ ಹಲಗೆ ಹಾಕುದು. ಅವಳು ಡ್ಯೂಟಿಯಿಂದ ಬರುವಾಗ ಆಗಿರ್ಬೇಕು." ನಕ್ಕರು. "ನೀವು ಮಾತ್ರ ಬಾಯಿ ಬಿಡ್ಬೇಡಿ ಟೀಚರ್, ನಿಮ್ಮ ಕಾಲಿಗೆ ಬೀಳ್ತೇನೆ."

ಮೂಲೆಯ ಡೆಕ್ಕಿನ ಹೊಸ ನಕ್ಷೆ ಆಗಲೇ ಬರೆದು ಮುಗಿಸಿದ್ದರು. ಗೋಡೆಯ ಮೇಲೆ ಬಿಡಿಸಿ ತೋರಿಸಿದರು. ಎರಡು ಕುರ್ಚಿ, ಎರಡಕ್ಕೂ ಓರೆಯಾಗಿ ಗೀಚಿದ ನೆರಳು. ಸಂಜೆ ಆರರ ನೆರಳು ಎಂದರು.

ಅಲ್ಲಿಗೆ ಎರಡೂ ಕಡೆಯ ಗುಟ್ಟು ನನ್ನ ಹೊಟ್ಟೆಯಲ್ಲಿ. ಅಕ್ಕಾರು ಸುಮ್ಮನಿರುವುದು ಅಣ್ಣಾರಿಗೆ ಗೊತ್ತು, ಅಣ್ಣಾರಿಗೆ ಗೊತ್ತಿರುವುದು ಅಕ್ಕಾರಿಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. "ತಂಪು ಒಳ್ಳೆದುಂಟಲ್ಲ?" "ಹ್ಞಾಂ, ಒಳ್ಳೆದುಂಟು." ಗಂಡಹೆಂಡಿರ ಮಾತು ಕೊಂಕಣಿಯಲ್ಲೇ, ಆದರೂ ಹನ್ನೊಂದು ವರ್ಷದಲ್ಲಿ ಅಷ್ಟು ನನಗೆ ತಿಳಿಯುತ್ತಿತ್ತು. ಎಷ್ಟು ಸಲ ಎದ್ದುಹೋಗಿ ಕೂಗಬೇಕು ಅನಿಸಿತೋ. ಕೂಗಲಿಲ್ಲ. ಗಂಡನ ಮುಂದೆ ಗೆಲ್ಲುತ್ತಿದ್ದೇನೆ ಎಂಬ ಹೆಮ್ಮೆ ಬೇರೆ.

ಜುಲೈ ಕೊನೆಗೆ ಅವರಿಗೆ ಕೆಮ್ಮು ಹತ್ತಿತು. ಮೂರು ದಿನ ಗೇಟಿನ ಮುಂದೆ ಗಂಜಿ ಇಟ್ಟು ಬಂದೆ. ನಾಲ್ಕನೇ ದಿನ ಪಾತ್ರೆ ಇಟ್ಟಲ್ಲೇ ಇತ್ತು. ನಮ್ಮವರು ಆಂಬುಲೆನ್ಸಿಗೆ ಫೋನು ಮಾಡಿದರು. ಬಿಳಿ ನಿಲುವಂಗಿಯವರು ಕೈ ಹಿಡಿದು ನಡೆಸಿಕೊಂಡು ಹೋಗುವಾಗ ಕಿವಿಯ ಮೇಲೆ ಪೆನ್ಸಿಲು ಹಾಗೇ ಇತ್ತು. ನನ್ನನ್ನು ನೋಡಿ, "ಇವಳಿಗೆ ಹೇಳ್ಬೇಡಿ, ಡ್ಯೂಟಿಯಲ್ಲಿರ್ತಾಳೆ. ಅಲ್ಲಿ ಹೋಗಿ ನಾನೇ ಹೇಳ್ತೇನೆ" ಎಂದರು. ಆಂಬುಲೆನ್ಸು ತಿರುವು ದಾಟುವ ಮೊದಲೇ ನಾನು ಅಕ್ಕಾರಿಗೆ ಹೇಳಿದ್ದೆ. ಹೇಳಬೇಡಿ ಎಂದ ಮೂರು ಮಾತಿನಲ್ಲಿ ಅದೊಂದನ್ನು ಮೀರಿದೆ.

ಆರನೇ ದಿನ ಅವರ ಜೀವ ಹೋಯಿತು. ಹಿಂದಿನ ದಿನ ವಾರ್ಡಿನ ನರ್ಸಮ್ಮ ಫೋನು ಹಿಡಿದು ಗಂಡಹೆಂಡಿರನ್ನು ಎರಡು ನಿಮಿಷ ಮಾತಾಡಿಸಿದ್ದರು. ಮಣ್ಣಿಗೆ ಹೋಗಲು ನಾಲ್ಕು ಜನಕ್ಕೆ ಮಾತ್ರ ಅನುಮತಿ. ನಮ್ಮವರು ದೂರದಲ್ಲಿ ನಿಂತು ಫೋನು ಎತ್ತಿ ಹಿಡಿದರು. ಆ ತುದಿಯಲ್ಲಿ ಅಕ್ಕಾರು. ಗುಂಡಿ ಆರು ಅಡಿ ಎಂದು ಮನೆಗೆ ಬಂದು ನಮ್ಮವರು ಹೇಳಿದಾಗ ನಾನು ಕೂತು ಅತ್ತೆ. ಫೋನಿನಲ್ಲಿ ಅಕ್ಕಾರ ಎದುರು ಅಳದೆ ಇಟ್ಟುಕೊಂಡದ್ದೆಲ್ಲ ಆಗ ಬಂತು.

ದೇಶದ ಬಾಗಿಲು ಇನ್ನೂ ತೆರೆದಿರಲಿಲ್ಲ, ಅಕ್ಕಾರು ಬರುವಂತಿರಲಿಲ್ಲ. ಮನೆ ಖಾಲಿ ಮಾಡಿ ಸಾಮಾನು ಕಟ್ಟಿದ್ದು ನಾವೇ. ಮೇಜಿನ ಮೇಲೆ ಆ ಮೂಲೆಯ ಡೆಕ್ಕಿನ ನಕ್ಷೆ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದ ಮೇಲೆ ಹೇಳದೆ ಇರುವುದು ಹೇಗೆ? ಸೆಪ್ಟೆಂಬರಿನ ಒಂದು ಬೆಳಿಗ್ಗೆ ಎಂಟಕ್ಕೆ, ಅವರಿಬ್ಬರ ಹೊತ್ತಿಗೇ, ನಾನು ಫೋನು ಮಾಡಿ ಎಲ್ಲ ಹೇಳಿದೆ. ನೆರಳು ಬೀಳಲಿಲ್ಲ ಎಂದು ಅವರು ಕಂಡುಕೊಂಡದ್ದು, ಹೇಳಬೇಡಿ ಎಂದದ್ದು, ಬಂದು ತಾವೇ ಬಿಚ್ಚುತ್ತೇನೆ ಎಂದದ್ದು.

ಅಕ್ಕಾರು ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ಹಾಗಾದ್ರೆ ಅವ್ರಿಗೆ ಗೊತ್ತಿತ್ತು" ಎಂದರು.

"ಹೌದ್ರಿ."

"ನಾನು ಚಳಿಯಲ್ಲಿ ಕೂತದ್ದು ಅವ್ರಿಗೆ ಗೊತ್ತಿತ್ತು. ಒಳ್ಳೆದುಂಟಲ್ಲ ಅಂತ ಕೇಳಿದ್ದು, ನಾನು ಹೇಳ್ಲಿ ಅಂತ ಇರ್ಬೇಕು. ನಾನು ಹೇಳ್ಲಿಲ್ಲ. ಕೊನೆ ದಿನ ವಾರ್ಡಿನಿಂದ ಕೇಳಿದ್ರು, ಹೊರಗೆ ಕೂತಿದ್ದೀಯಾ ಅಂತ. ನಾನು ಓಡಿಹೋಗಿ ಆ ನೆರಳಲ್ಲೇ ಕೂತೆ ಟೀಚರ್. ಬೇಲಿ ಮೂಲೆಯಲ್ಲಿ ಆಗ ಎಷ್ಟು ಬಿಸಿಲಿತ್ತು. ಮೊದಲೇ ಗೊತ್ತಿದ್ರೆ ಅಲ್ಲಿ ಹೋಗಿ ನಿಲ್ತಿದ್ದೆ. ಬಿಸಿಲಲ್ಲಿ ಒಂದು ಸಲ ನನ್ನ ಮುಖ ನೋಡಿ ಹೋಗ್ತಿದ್ರು."

ಅವರು ಅದನ್ನು ಕೋಪದಿಂದ ಹೇಳಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ನನ್ನ ಬಾಯಲ್ಲಿ ಎಳ್ಳು ನೆನೆಯಿತು. ನೆನೆಯಬಾರದ ಹೊತ್ತಿಗೆ ನೆನೆಯಿತು. ನಮ್ಮವರು ಆಮೇಲೆ ಆ ಮಾತು ಹೇಳಿ ನನ್ನನ್ನು ಆಡಿಕೊಂಡಿಲ್ಲ.

ನಕ್ಷೆಯ ಫೋಟೋ ತೆಗೆದು ಕಳಿಸಿದ್ದೆ, ಆಮೇಲೆ ಸುರುಳಿಯನ್ನೂ ಅಂಚೆಗೆ ಹಾಕಿದೆ. ಮರುವರ್ಷ ಜೂನಿನಲ್ಲಿ ಒಂದು ಬೆಳಿಗ್ಗೆ ನನ್ನ ಫೋನಿಗೆ ಚಿತ್ರ ಬಂತು. ಅದೇ ಹಲಗೆಗಳು, ಬೇಲಿಯ ಮೂಲೆಯಲ್ಲಿ. ಎರಡು ಕುರ್ಚಿ. ಒಂದರಲ್ಲಿ ಅಕ್ಕಾರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಟೊಪ್ಪಿಗೆ ಇಲ್ಲದೆ. ಇಬ್ಬರ ನೆರಳೂ, ಅಂದರೆ ಅವರದೂ ಖಾಲಿ ಕುರ್ಚಿಯದೂ, ಹಲಗೆಯ ಮೇಲೆ ಓರೆಯಾಗಿ ನಕ್ಷೆಯಲ್ಲಿದ್ದ ಹಾಗೆಯೇ ಬಿದ್ದಿದ್ದವು. ಕೆಳಗೆ ಎರಡು ಸಾಲು ಬರೆದಿದ್ದರು.

"ಮೊದಲು ಅವರ ನಂಬರಿಗೆ ಕಳಿಸಿದೆ ಟೀಚರ್. ಒಂದೇ ಟಿಕ್ ಬಂದಿದೆ."